ಹೊರಗೋಡೆಯ ಬಣ್ಣ ಚಕ್ಕೆ ಏಳುತ್ತಿದೆಯೇ? ಡಬ್ಬಿ ತೆರೆಯುವ ಮೊದಲು ನೀರಿನ ದಾರಿ ಹುಡುಕಿ

ದೀಪಾವಳಿ ಹತ್ತಿರ ಬಂತೆಂದರೆ ಕರಾವಳಿ, ಮಲೆನಾಡಿನಲ್ಲಿ ಪೇಂಟರ್‌ಗಳು ಕೈಗೆ ಸಿಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ತಿಂಗಳು ನೆನೆದ ಗೋಡೆಗೆ ಅಕ್ಟೋಬರ್‌ನಲ್ಲಿ ಹೊಸ ಬಣ್ಣ ಬೀಳುತ್ತದೆ. ಹಬ್ಬಕ್ಕೆ ಮನೆ ಕಳೆಗಟ್ಟುತ್ತದೆ. ಮಾರ್ಚ್ ಬಿಸಿಲಿಗೆ ಕಾಂಪೌಂಡ್ ಗೋಡೆಯ ಬುಡದಲ್ಲಿ, ಸಜ್ಜಾದ ಅಡಿಯಲ್ಲಿ ಗುಳ್ಳೆ ಕಾಣಿಸಿಕೊಳ್ಳುತ್ತದೆ. ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಅಂಗೈ ಅಗಲದ ಚಕ್ಕೆಗಳು ಕಳಚಿ ಬಿದ್ದಿರುತ್ತವೆ. ಆಗ ಎಲ್ಲರೂ ಬೈಯುವುದು ಬಣ್ಣವನ್ನು. ಆದರೆ ಹೊರಗಿನ ಕಾಂಕ್ರೀಟು, ಗಾರೆಯ ಮೇಲೆ ಬಣ್ಣ ಕಿತ್ತು ಬರುವುದಕ್ಕೆ ಬಹುತೇಕ ಎರಡೇ ಕಾರಣ: ಹಿಂದಿನಿಂದ ನೀರು ತಳ್ಳುತ್ತಿದೆ, ಇಲ್ಲವೇ ಬಣ್ಣ ಹಿಡಿದುಕೊಂಡಿರುವ ಕೆಳಗಿನ ಪದರವೇ ಸಡಿಲವಾಗಿದೆ. ಇವೆರಡನ್ನೂ ಸರಿಮಾಡದೆ ಅತಿ ದುಬಾರಿ ಎಮಲ್ಷನ್ (ನೀರು ಬೆರೆಸಿ ಹಚ್ಚುವ ಪ್ಲಾಸ್ಟಿಕ್ ಬಣ್ಣ) ಬಳಿದರೂ ಅದೇ ಜಾಗದಲ್ಲಿ ಮತ್ತೆ ಚಕ್ಕೆ ಏಳುತ್ತದೆ.

1. ಮೊದಲು ಚಕ್ಕೆಯ ಬೆನ್ನು ನೋಡಿ

ಕೆರೆಯಲು ಶುರುಮಾಡುವ ಮೊದಲು ಬೇರೆ ಬೇರೆ ಜಾಗದಿಂದ ನಾಲ್ಕೈದು ಚಕ್ಕೆಗಳನ್ನು ಉಗುರಿನಿಂದ ಎಬ್ಬಿಸಿ ಅಂಗಾತ ತಿರುಗಿಸಿ. ರೋಗ ಯಾವುದೆಂದು ಚಕ್ಕೆಯ ಹಿಂಭಾಗ ಹೇಳುತ್ತದೆ. ಐದು ನಿಮಿಷದ ಈ ಕೆಲಸವನ್ನು ಬಿಟ್ಟೇ ಹೆಚ್ಚಿನವರು ದುಡ್ಡು ಕಳೆದುಕೊಳ್ಳುತ್ತಾರೆ.

ಹಿಂಭಾಗದಲ್ಲಿ ಬಿಳಿ ಪುಡಿ ದಪ್ಪಗೆ ಅಂಟಿಕೊಂಡಿದ್ದು, ಗೋಡೆಯನ್ನು ಮುಟ್ಟಿದರೆ ಕೈಯೂ ಬೆಳ್ಳಗಾಗುತ್ತಿದ್ದರೆ ಕೆಳಗೆ ಹಳೆಯ ಸುಣ್ಣವೋ ಸತ್ವ ಕಳೆದುಕೊಂಡ ಸಿಮೆಂಟ್ ಪೇಂಟೋ (ನೀರಲ್ಲಿ ಕಲಸಿ ಹೊಡೆಯುವ ಸಿಮೆಂಟಿನ ಪುಡಿ ಬಣ್ಣ) ಇದೆ ಎಂದರ್ಥ. ವರ್ಷವರ್ಷ ಸುಣ್ಣ ಹೊಡೆದ ಹಳೆಯ ಮನೆಗಳಲ್ಲಿ ಇದು ತೀರಾ ಸಾಮಾನ್ಯ. ಸುಣ್ಣದ ಪದರಗಳಿಗೆ ತಮ್ಮ ಭಾರ ಹೊರುವಷ್ಟೇ ಶಕ್ತಿ. ಮೇಲೆ ಎಮಲ್ಷನ್ ಬಿದ್ದರೆ ಅದು ಒಣಗುತ್ತ ಬಿಗಿದುಕೊಳ್ಳುತ್ತದೆ, ಆ ಎಳೆತಕ್ಕೆ ಸುಣ್ಣ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಬಣ್ಣ ಸುಣ್ಣಕ್ಕೆ ಚೆನ್ನಾಗಿಯೇ ಅಂಟಿರುತ್ತದೆ, ಗೋಡೆಗೆ ಅಂಟದಿರುವುದು ಸುಣ್ಣ.

ಪುಡಿಯ ಬದಲು ಸಣ್ಣ ಹರಳು, ಹತ್ತಿಯಂಥ ಬಿಳಿ ನಾರು ಕಂಡರೆ ಅದು ಉಪ್ಪು. ನೀರು ಗೋಡೆಯೊಳಗಿನ ಉಪ್ಪನ್ನು ಕರಗಿಸಿ ಮೇಲಕ್ಕೆ ತಂದಿದೆ. ನೀರು ಆರಿದಾಗ ಉಪ್ಪು ಬಣ್ಣದ ಹಿಂದೆ ಹರಳುಗಟ್ಟಿ ಬಣ್ಣವನ್ನು ಹೊರಕ್ಕೆ ದೂಡಿದೆ. ಉಪ್ಪುನೀರಿನ ಬೋರ್‌ವೆಲ್‌ನಿಂದ ಗಾರೆ ಕಲಸಿದ, ಅದರಲ್ಲೇ ನೀರುಣಿಸಿದ ಗೋಡೆಗಳಲ್ಲಿ ಇದು ವರ್ಷಗಟ್ಟಲೆ ಬರುತ್ತಲೇ ಇರುತ್ತದೆ.

ಚಕ್ಕೆಯ ಜೊತೆ ಮರಳು, ಗಾರೆಯ ತುಣುಕು ಬಂದರೆ ಬಣ್ಣದ ತಪ್ಪಲ್ಲ. ಸಿಮೆಂಟು ಕಡಿಮೆಯಾದ ಅಥವಾ ಸರಿಯಾಗಿ ನೀರುಣಿಸದ ಗಾರೆ ಅದು. ಆ ಭಾಗದ ಗಾರೆಯನ್ನೇ ತೆಗೆಯಬೇಕಾಗುತ್ತದೆ.

ಬೆನ್ನು ಸ್ವಚ್ಛವಾಗಿದ್ದು, ಕೆಳಗೆ ನುಣುಪಾದ ಕಾಂಕ್ರೀಟು ಹೊಳೆಯುತ್ತಿದೆಯೇ? ಕಾಂಕ್ರೀಟು ಸುರಿಯಲು ಕಟ್ಟುವ ಸೆಂಟ್ರಿಂಗ್ ಹಲಗೆಗೆ ಹಚ್ಚಿದ ಎಣ್ಣೆ ಕಾಂಕ್ರೀಟಿನ ಮೇಲೆ ಉಳಿದಿರಬಹುದು, ಅಥವಾ ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ತಳಕೋಟ್) ಇಲ್ಲದೆ ಧೂಳಿನ ಮೇಲೇ ಬಣ್ಣ ಬಿದ್ದಿರಬಹುದು. ಸಜ್ಜಾದ ಅಡಿಭಾಗ, ಕಂಬ, ಪ್ರೀಕಾಸ್ಟ್ (ಮೊದಲೇ ಅಚ್ಚು ಹಾಕಿ ತಂದ) ಕಾಂಪೌಂಡ್ ಹಲಗೆಗಳಲ್ಲಿ ಹೀಗಾಗುವುದು ಹೆಚ್ಚು. ಸಂಶಯವಿದ್ದರೆ ನಾಲ್ಕು ಹನಿ ನೀರು ಚಿಮುಕಿಸಿ. ಕಾಂಕ್ರೀಟು ನೀರನ್ನು ಹೀರದೆ ಹನಿ ಹನಿಯಾಗಿಯೇ ನಿಂತರೆ ಎಣ್ಣೆಯಿದೆ.

ಚಕ್ಕೆ ಎರಡು ಬಣ್ಣಗಳ ನಡುವೆ ಬಿಡಿಸಿಕೊಂಡು ಬಂದಿದ್ದರೆ ಕೆಳಗಿನದು ಹೊಳಪಿನ ಎಣ್ಣೆ ಬಣ್ಣ (ಎನಾಮಲ್) ಆಗಿರಬಹುದು, ಅದನ್ನು ಉಜ್ಜದೆ ಮೇಲೆ ಬಳಿದಿರುತ್ತಾರೆ. ಹೊಸ ಗಾರೆಯ ಮೇಲೆ ನೇರವಾಗಿ ಹಚ್ಚಿದ ಎಣ್ಣೆ ಬಣ್ಣ ಮೆತ್ತಗೆ, ಸೋಪಿನಂತೆ ಜಿಗುಟಾಗಿ ಬರುತ್ತದೆ. ಹಸಿ ಸಿಮೆಂಟಿನ ಕ್ಷಾರಕ್ಕೆ ಬಣ್ಣದೊಳಗಿನ ಎಣ್ಣೆ ನಿಜಕ್ಕೂ ಸೋಪಾಗಿ ಮಾರ್ಪಡುವುದರಿಂದ ಹೀಗಾಗುತ್ತದೆ.

2. ನೀರು ಎಲ್ಲಿಂದ ಬರುತ್ತಿದೆ

ಚಕ್ಕೆ ಎದ್ದ ಜಾಗದ ನಕ್ಷೆಯೇ ಅರ್ಧ ಉತ್ತರ. ನೆಲದಿಂದ ಎರಡು ಮೂರು ಅಡಿಯವರೆಗೆ ಮಾತ್ರ ಕಿತ್ತು ಬಂದಿದ್ದರೆ ನೀರು ಬುಡದಿಂದ ಏರುತ್ತಿದೆ. ಹೂಕುಂಡದ ಮಣ್ಣು, ತೋಟದ ಪಾತಿ ಗೋಡೆಗೆ ತಾಗಿದ್ದರೆ ಗಾರೆ ಬತ್ತಿಯಂತೆ ನೀರು ಹೀರುತ್ತದೆ. ಮಣ್ಣನ್ನು ಸರಿಸಿ, ಬಣ್ಣದ ಅಂಚು ನೆಲಕ್ಕಿಂತ ಕನಿಷ್ಠ 6 ಇಂಚು ಮೇಲಿರುವಂತೆ ನೋಡಿಕೊಳ್ಳಿ.

ಮೇಲಿನ ಒಂದಡಿಯಲ್ಲಿ ಮಾತ್ರ ಇದ್ದರೆ ತಪ್ಪು ಗೋಡೆಯ ನೆತ್ತಿಯಲ್ಲಿದೆ. ಕಾಂಪೌಂಡ್ ಮತ್ತು ಪ್ಯಾರಪೆಟ್ (ತಾರಸಿಯ ಸುತ್ತಲಿನ ಕಿರುಗೋಡೆ) ಗೋಡೆಗಳ ತಲೆ ಚಪ್ಪಟೆಯಾಗಿರುತ್ತದೆ. ಅದರ ಮೇಲಿನ ಕೂದಲೆಳೆ ಬಿರುಕುಗಳಲ್ಲಿ ಇಡೀ ಮಳೆಗಾಲ ನೀರು ಇಳಿದು ಎರಡೂ ಮೈಯಲ್ಲಿ ಹೊರಬರುತ್ತದೆ. ನೆತ್ತಿಗೆ ಒಂದು ಬದಿಗೆ ಇಳಿಜಾರು ಕೊಟ್ಟು ಗಾರೆ ಮಾಡಿ. ಪ್ಯಾರಪೆಟ್ಟಿನಲ್ಲಿ ಇಳಿಜಾರು ತಾರಸಿಯ ಕಡೆಗಿರಲಿ, ಇಲ್ಲದಿದ್ದರೆ ಮಸಿನೀರು ಮುಂಭಾಗದ ಗೋಡೆಯ ಮೇಲೆ ಗೆರೆ ಎಳೆಯುತ್ತದೆ. ಆಮೇಲೆ ನೆತ್ತಿಗೆ ಹಿಗ್ಗುವ ಗುಣದ ವಾಟರ್‌ಪ್ರೂಫ್ ಲೇಪ ಎರಡು ಕೋಟ್ ಹಚ್ಚಿ.

ಸಜ್ಜಾದ ಅಡಿಯಲ್ಲಿ ಅಂಚಿನಿಂದ ಒಳಕ್ಕೆ ಹರಡಿದಂತೆ ಕಿತ್ತು ಬಂದಿದ್ದರೆ ಅಂಚಿನಲ್ಲಿ ನೀರು ತೊಟ್ಟಿಕ್ಕಲು ಕೊರೆದ ಗೆರೆ ಇಲ್ಲ ಎಂದರ್ಥ. ಅಡಿಯ ಅಂಚಿನಿಂದ ಒಂದಿಂಚು ಒಳಗೆ ಸುಮಾರು 10 ಮಿ.ಮೀ. ಅಗಲದ ಗೆರೆಯನ್ನು ಉದ್ದಕ್ಕೂ ಕೊರೆದರೆ ನೀರು ಅಲ್ಲೇ ಕಡಿದು ಬೀಳುತ್ತದೆ. ಕಬ್ಬಿಣ ಅಂಚಿಗೆ ಹತ್ತಿರವಿರುವ ಹಳೆಯ ಸಜ್ಜಾದಲ್ಲಿ ಕೊರೆಯಬೇಡಿ, ಅದರ ಬದಲು ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಪಟ್ಟಿ ಅಂಟಿಸಿ.

ಇನ್ನೊಂದು ಸಂದರ್ಭಕ್ಕೆ ಪೂರ್ತಿ ಮದ್ದಿಲ್ಲ. ಗೋಡೆಯ ಆಚೆಬದಿಯ ನೆಲ ಎತ್ತರದಲ್ಲಿದ್ದು, ನಿಮ್ಮ ಕಾಂಪೌಂಡ್ ಗೋಡೆಯೇ ಆ ಮಣ್ಣನ್ನು ತಡೆದು ನಿಂತಿದ್ದರೆ ಮಳೆಗಾಲ ಪೂರ್ತಿ ನೀರು ಹಿಂದಿನಿಂದ ಒತ್ತುತ್ತಲೇ ಇರುತ್ತದೆ. ಮಲೆನಾಡಿನ ಇಳಿಜಾರು ಸೈಟುಗಳಲ್ಲಿ ಇದು ಮನೆಮನೆಯ ಕಥೆ. ಬುಡದಲ್ಲಿ ನೀರು ಹೊರಬರುವ ಪೈಪು ತೂತುಗಳಿರಬೇಕು, ಅವು ಕಟ್ಟಿಕೊಂಡಿದ್ದರೆ ಬಿಡಿಸಿ. ಇಂಥ ಗೋಡೆಗೆ ಎಮಲ್ಷನ್ ಹಚ್ಚದಿರುವುದೇ ಲೇಸು. ಸುಣ್ಣವನ್ನೋ ಸಿಮೆಂಟ್ ಪೇಂಟನ್ನೋ ಹೊಡೆಯಿರಿ. ಅವುಗಳ ಮೂಲಕ ಗೋಡೆ ಉಸಿರಾಡುತ್ತದೆ, ಹಾಳಾದರೂ ಪುಡಿಯಾಗಿ ಉದುರುತ್ತದೆಯೇ ಹೊರತು ಹಾಳೆ ಹಾಳೆಯಾಗಿ ನೇತಾಡುವುದಿಲ್ಲ. ಅಂಗಡಿಯಲ್ಲಿ ‘ವಾಟರ್‌ಪ್ರೂಫ್ ಪೇಂಟ್ ಹಾಕಿ, ನಿಂತುಹೋಗುತ್ತೆ’ ಎಂದರೆ ಒಪ್ಪಬೇಡಿ. ಆ ಲೇಪ ಮುಂದಿನಿಂದ ಬಡಿಯುವ ಮಳೆಯನ್ನು ತಡೆಯಲು ಇರುವುದು. ಹಿಂದಿನಿಂದ ಬರುವ ನೀರು ಅದನ್ನೇ ಬಲೂನಿನಂತೆ ಉಬ್ಬಿಸುತ್ತದೆ.

3. ಗೋಡೆ ಒಣಗಿದೆಯೇ? ಹಾಳೆ ಕಟ್ಟಿ ನೋಡಿ

ಒಂದೂವರೆ ಅಡಿ ಉದ್ದ, ಅಷ್ಟೇ ಅಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬಣ್ಣ ಕೆರೆದ ಬರಿಗೋಡೆಯ ಮೇಲಿಟ್ಟು ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಅಗಲ ಟೇಪು ಹಚ್ಚಿ. ಸಂಜೆ ಅಂಟಿಸಿದರೆ ಮರುದಿನ ಮಧ್ಯಾಹ್ನ, ಅಂದರೆ ಕನಿಷ್ಠ 16 ಗಂಟೆ ಬಿಟ್ಟು ನೋಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ ಅಥವಾ ಅದರಡಿಯ ಗೋಡೆ ಸುತ್ತಲಿಗಿಂತ ಕಪ್ಪಾಗಿದ್ದರೆ ಇನ್ನೂ ಬಣ್ಣದ ಕಾಲ ಬಂದಿಲ್ಲ. ಬುಡದಲ್ಲಿ ಒಂದು, ನಡುವೆ ಒಂದು, ಬಿಸಿಲು ಕಾಣದ ಉತ್ತರದ ಗೋಡೆಯಲ್ಲಿ ಒಂದು, ಹೀಗೆ ಮೂರು ಕಡೆ ಮಾಡಿದರೆ ಸಾಕು.

ಕರಾವಳಿ, ಮಲೆನಾಡಿಗೆ ಡಿಸೆಂಬರ್‌ನಿಂದ ಮಾರ್ಚ್ ಸರಿಯಾದ ಕಾಲ. ಬೆಂಗಳೂರು, ಮೈಸೂರು ಕಡೆ ಅಕ್ಟೋಬರ್, ನವೆಂಬರ್‌ನ ಹಿಂಗಾರು ಮುಗಿದ ಮೇಲೆ. ಕಲಬುರಗಿ, ರಾಯಚೂರು ಕಡೆ ತೊಂದರೆ ಮಳೆಯದಲ್ಲ, ಬಿಸಿಲಿನದು. ಏಪ್ರಿಲ್, ಮೇ ತಿಂಗಳ ಸುಡುವ ಗೋಡೆಗೆ ಬಣ್ಣ ಹಚ್ಚಿದರೆ ನೀರಿನಂಶ ತಟ್ಟನೆ ಆರಿ ಹೋಗುತ್ತದೆ, ಬಣ್ಣ ಗೋಡೆಗೆ ಇಳಿದು ಕಚ್ಚಿಕೊಳ್ಳುವ ಮೊದಲೇ ಮೇಲ್ಮೈ ಗಟ್ಟಿಯಾಗುತ್ತದೆ. ಹಬ್ಬಕ್ಕೆ ಬಣ್ಣ ಆಗಲೇಬೇಕು ಎಂದಿದ್ದರೆ ಮನೆಯ ಒಳಗೋಡೆ, ಸಿಟೌಟ್, ಸಜ್ಜಾದ ನೆರಳಿನಲ್ಲಿರುವ ಮುಂಭಾಗ ಮಾಡಿ. ಕಾಂಪೌಂಡ್, ಪ್ಯಾರಪೆಟ್ ಡಿಸೆಂಬರ್‌ಗೆ ಇರಲಿ.

4. ಕೆರೆದು ತೆಗೆಯುವುದು

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯಬೇಕಾದದ್ದು ಇದೇ. ಗುತ್ತಿಗೆಯಲ್ಲಿ ಕೊಟ್ಟರೆ ಹೆಚ್ಚು ಕೆಲಸಗಳ್ಳತನ ನಡೆಯುವುದೂ ಇಲ್ಲೇ. ಆದ್ದರಿಂದ ಕೆರೆಯುವ ಕೆಲಸಕ್ಕೆ ಬೇರೆಯಾಗಿ ದಿನಗೂಲಿ ಮಾತಾಡಿ.

3 ಇಂಚಿನ ಸ್ಕ್ರೇಪರ್, ತಂತಿ ಬ್ರಶ್, 60 ಮತ್ತು 100 ನಂಬರಿನ ಸ್ಯಾಂಡ್ ಪೇಪರ್, ಧೂಳು ಹೊಡೆಯಲು ತೆಂಗಿನ ನಾರಿನ ಬ್ರಶ್ ಇಷ್ಟಿರಲಿ. ಎದ್ದ ಚಕ್ಕೆಯಿಂದ ಆರಂಭಿಸಿ ಬಣ್ಣ ಗಟ್ಟಿಯಾಗಿ ಕಚ್ಚಿಕೊಂಡ ಅಂಚು ಸಿಗುವವರೆಗೆ ಹೋಗಿ. ಅಂಚು ನಿಜಕ್ಕೂ ಗಟ್ಟಿಯೇ ಎಂದು ತಿಳಿಯಲು ಬ್ಲೇಡಿನಿಂದ ಎರಡು ಇಂಚಿನ ಇಂಟು ಗುರುತು ಗೋಡೆ ಕಾಣುವವರೆಗೆ ಕೊಯ್ದು, ಅದರ ಮೇಲೆ ಅಗಲ ಟೇಪನ್ನು ಒತ್ತಿ ಅಂಟಿಸಿ, ಒಂದೇ ಏಟಿಗೆ ಕಿತ್ತು ನೋಡಿ. ಟೇಪಿಗೆ ಬಣ್ಣ ಬಂದರೆ ಇನ್ನೂ ಕೆರೆಯಬೇಕು. ಒಂದು ಗೋಡೆಯ ಕಾಲು ಭಾಗಕ್ಕಿಂತ ಹೆಚ್ಚು ಸಡಿಲವಾಗಿದ್ದರೆ ತೇಪೆ ಹಾಕುವ ಆಸೆ ಬಿಡಿ, ಆ ಗೋಡೆಯನ್ನು ಪೂರ್ತಿ ಬತ್ತಲೆ ಮಾಡಿ. ಉಳಿದ ಹಳೆಯ ಬಣ್ಣದ ಅಂಚನ್ನು ಸ್ಯಾಂಡ್ ಪೇಪರಿನಿಂದ ಇಳಿಜಾರಾಗಿ ಉಜ್ಜಿ. ಕಣ್ಣು ಮುಚ್ಚಿ ಬೆರಳಾಡಿಸಿದರೆ ಮೆಟ್ಟಿಲು ತಾಗಬಾರದು. ಅಂಚು ಹಾಗೇ ಉಳಿದರೆ ಹೊಸ ಬಣ್ಣ ಅಲ್ಲಿಂದಲೇ ಬಿಟ್ಟುಕೊಳ್ಳುತ್ತದೆ.

ಪ್ರೆಶರ್ ವಾಷರ್ ಇದ್ದರೆ ಕೆಲಸ ಬೇಗ ಸಾಗುತ್ತದೆ, ಆದರೆ ಮೂತಿಯನ್ನು ಗೋಡೆಯಿಂದ ಒಂದಡಿ ದೂರ ಹಿಡಿಯಿರಿ, ಓರೆಯಾಗಿ ಹೊಡೆಯಿರಿ. ಹತ್ತಿರ ಹಿಡಿದರೆ ಹಳೆಯ ಗಾರೆಯ ಮರಳೇ ತೊಳೆದುಹೋಗುತ್ತದೆ. ಹಾಗೆ ತೊಳೆದ ಗೋಡೆ ಮತ್ತೆ ಒಣಗಬೇಕು ಎಂಬುದನ್ನು ಮರೆಯಬೇಡಿ.

ಮಕ್ಕಳಿರುವ ಮನೆಯವರು ಇದನ್ನು ಗಮನವಿಟ್ಟು ಓದಿ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು ಎಂಬ ಕೇಂದ್ರದ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಿಂದ. ಅದಕ್ಕೆ ಹಿಂದಿನ ಎನಾಮಲ್ ಬಣ್ಣಗಳಲ್ಲಿ, ಅದರಲ್ಲೂ ಹಳದಿ, ಕೇಸರಿ, ಕೆಂಪು, ಹಸಿರಿನಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಗೇಟಿನ ಕಂಬ, ಕಿಟಕಿ ಪಟ್ಟಿಗೆ ಹಚ್ಚಿದ ಹಳೆಯ ಎನಾಮಲ್ಲನ್ನು ಒಣಗಿಸಿ ಉಜ್ಜಬೇಡಿ, ಮೆಷಿನ್ನಂತೂ ಹಿಡಿಯಲೇಬೇಡಿ. ನೀರು ಚಿಮುಕಿಸುತ್ತ ಕೆರೆಯಿರಿ, ಕೆಳಗೆ ಟಾರ್ಪಾಲ್ ಹಾಸಿ, ಎನ್95 ಮಾಸ್ಕ್ ಹಾಕಿಕೊಳ್ಳಿ. ಉದುರಿದ ಚಕ್ಕೆಗಳನ್ನು ಕೂಡಿಸಿ ಕಟ್ಟಿಡಿ. ತೋಟದ ಮಣ್ಣಿಗೆ ಬೀಳಿಸಬೇಡಿ, ಸುಡಬೇಡಿ.

5. ಪಾಚಿ ಮತ್ತು ಉಪ್ಪು

ಇವೆರಡಕ್ಕೂ ಮದ್ದು ತದ್ವಿರುದ್ಧ: ಪಾಚಿಗೆ ನೀರು ಬೇಕು, ಉಪ್ಪಿಗೆ ನೀರು ತಾಗಲೇಬಾರದು.

ಪಾಚಿಗೆ 10 ಲೀಟರ್ ನೀರಿಗೆ ಅರ್ಧ ಕಿಲೋ ಬ್ಲೀಚಿಂಗ್ ಪೌಡರ್ ಕಲಸಿ, ಅರ್ಧ ಗಂಟೆ ಬಿಟ್ಟು ಮೇಲಿನ ತಿಳಿಯನ್ನು ಮಾತ್ರ ಬಸಿದುಕೊಳ್ಳಿ. ಅದನ್ನು ಗೋಡೆಗೆ ಹಚ್ಚಿ ಅರ್ಧ ಗಂಟೆ ನೆನೆಯಲು ಬಿಟ್ಟು ಗಟ್ಟಿ ಬ್ರಶ್ಶಿನಿಂದ ತಿಕ್ಕಿ, ಸಾಕಷ್ಟು ನೀರಿನಲ್ಲಿ ತೊಳೆಯಿರಿ. ತಳದಲ್ಲಿ ಉಳಿದ ಗಸಿ ಗೋಡೆಗೆ ಬಿದ್ದರೆ ಅದೇ ಬಿಳಿ ಪುಡಿಯಾಗಿ ಬಣ್ಣವನ್ನು ಬಿಡಿಸುತ್ತದೆ. ಕೈಗವಸು, ಕನ್ನಡಕ ಇರಲಿ. ಇದಕ್ಕೆ ಆಸಿಡ್ಡನ್ನಾಗಲಿ ಟಾಯ್ಲೆಟ್ ಕ್ಲೀನರನ್ನಾಗಲಿ ಎಂದೂ ಬೆರೆಸಬೇಡಿ, ಏಳುವ ಕ್ಲೋರಿನ್ ಅನಿಲ ಶ್ವಾಸಕೋಶವನ್ನೇ ಸುಡುತ್ತದೆ. ಪೂರ್ತಿ ಹೋಗದೆ ಉಳಿದ ಪಾಚಿ ಹೊಸ ಬಣ್ಣದ ಅಡಿಯಿಂದ ಒಂದೇ ಮಳೆಗಾಲದಲ್ಲಿ ಮೇಲೆ ಬರುತ್ತದೆ.

ಉಪ್ಪನ್ನು ಒಣ ಬ್ರಶ್ಶಿನಿಂದ ಉಜ್ಜಿ, ಬಿದ್ದ ಪುಡಿಯನ್ನು ಗುಡಿಸಿ ತೆಗೆದುಬಿಡಿ. ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ. ಹತ್ತು ಹದಿನೈದು ದಿನ ಬಿಟ್ಟು ನೋಡಿ, ಮತ್ತೆ ಬಂದರೆ ಮತ್ತೆ ಉಜ್ಜಿ. ಬರುವುದು ನಿಲ್ಲುವವರೆಗೆ ಬಣ್ಣ ಬೇಡ. ಸಮುದ್ರದ ಗಾಳಿ ತಂದು ಕೂರಿಸುವ ಉಪ್ಪು ಮಾತ್ರ ಬೇರೆ. ಅದು ಮೇಲ್ಮೈಯಲ್ಲಷ್ಟೇ ಇರುವುದರಿಂದ ಪ್ರೈಮರಿಗೆ ಮೊದಲು ಸಿಹಿನೀರಿನಲ್ಲಿ ತೊಳೆದು ಒಣಗಿಸಿದರೆ ಆಯಿತು.

6. ಬಿರುಕು, ಟೊಳ್ಳು, ತುಕ್ಕು

ಸುತ್ತಿಗೆಯ ಹಿಡಿಯಿಂದ ಗೋಡೆಯುದ್ದಕ್ಕೂ ಮೆಲ್ಲಗೆ ತಟ್ಟುತ್ತ ಹೋಗಿ. ಡಬ್ಬದಂತೆ ಸದ್ದು ಬಂದಲ್ಲಿ ಗಾರೆ ಗೋಡೆಯಿಂದ ಬಿಟ್ಟಿದೆ. ಅಂಥ ಜಾಗವನ್ನು ಸೀಮೆಸುಣ್ಣದಿಂದ ಗುರುತಿಸಿ ಚೌಕವಾಗಿ ಕತ್ತರಿಸಿ ತೆಗೆಯಿರಿ. ಅಡಿಯ ಕಲ್ಲು ಅಥವಾ ಇಟ್ಟಿಗೆಯನ್ನು ಚೆನ್ನಾಗಿ ನೆನೆಸಿ, ಎಸ್‌ಬಿಆರ್ ಲ್ಯಾಟೆಕ್ಸನ್ನು (ಹೊಸ ಗಾರೆ ಕಚ್ಚಲು ಬಳಸುವ ಹಾಲಿನಂಥ ರಬ್ಬರ್ ದ್ರಾವಣ) ಸಿಮೆಂಟಿನ ಜೊತೆ ಡಬ್ಬಿಯ ಮೇಲಿನ ಅಳತೆಯಂತೆ ಕಲಸಿ ಬಳಿಯಿರಿ. ಅದು ಇನ್ನೂ ಅಂಟಂಟಾಗಿರುವಾಗಲೇ 1:4 ಸಿಮೆಂಟು ಮರಳಿನ ಗಾರೆ ತುಂಬಬೇಕು, ಒಣಗಿದ ಮೇಲೆ ತುಂಬಿದರೆ ಅದೇ ಬೇರ್ಪಡಿಸುವ ಪದರವಾಗುತ್ತದೆ. ಒಂದು ಸಲಕ್ಕೆ 12ರಿಂದ 15 ಮಿ.ಮೀ. ದಪ್ಪ ಸಾಕು. ಏಳು ದಿನ ನೀರುಣಿಸಿ, ಒಟ್ಟು 28 ದಿನ ಕಾಯಿರಿ. ಹೊಸ ಸಿಮೆಂಟಿನ ಕ್ಷಾರದ ಅಳತೆ, ಅಂದರೆ ಪಿಎಚ್, 12ರಿಂದ 13ರಷ್ಟಿರುತ್ತದೆ. ಅದು ಇಳಿಯುವ ಮೊದಲು ಹಚ್ಚಿದ ಬಣ್ಣ ಮಾಸುತ್ತದೆ, ಕಲೆಗಟ್ಟುತ್ತದೆ.

ಕೂದಲೆಳೆಯಂಥ ಬಿರುಕಿಗೆ ಪ್ರೈಮರ್ ಮತ್ತು ಬಣ್ಣವೇ ಸಾಕು. 1 ಮಿ.ಮೀ.ಗಿಂತ ಅಗಲವಾದುದನ್ನು ಸ್ಕ್ರೇಪರಿನ ಮೂಲೆಯಿಂದ ‘ವಿ’ ಆಕಾರಕ್ಕೆ ತೆರೆದು, ಧೂಳು ತೆಗೆದು, ಹೊರಗೋಡೆಗೆಂದೇ ಬರುವ ಕ್ರ್ಯಾಕ್ ಫಿಲ್ಲರ್ ಒತ್ತಿ ತುಂಬಿ. 5 ಮಿ.ಮೀ. ದಾಟಿದ, ವರ್ಷವರ್ಷ ಬೆಳೆಯುವ ಬಿರುಕು ತಳಪಾಯದ ತೊಂದರೆಯಿರಬಹುದು. ಅದನ್ನು ಎಂಜಿನಿಯರ್ ನೋಡಬೇಕು.

ಸಜ್ಜಾ, ಕಂಬಗಳಲ್ಲಿ ಬಣ್ಣದ ಜೊತೆ ಕಂದು ಕಲೆ ಕಂಡರೆ ಒಳಗಿನ ಕಬ್ಬಿಣ ತುಕ್ಕು ಹಿಡಿದಿದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಕಾಂಕ್ರೀಟನ್ನೇ ಒಡೆದು ತಳ್ಳುತ್ತದೆ. ಸಡಿಲ ಕಾಂಕ್ರೀಟನ್ನು ಸರಳಿನ ಹಿಂಭಾಗದವರೆಗೂ ಬಿಡಿಸಿ, ತಂತಿ ಬ್ರಶ್ಶಿನಿಂದ ಸರಳು ಹೊಳೆಯುವಂತೆ ಉಜ್ಜಿ, ಸತುವಿನ ಪ್ರೈಮರ್ ಹಚ್ಚಿ, ಪಾಲಿಮರ್ ಗಾರೆಯಿಂದ ಮುಚ್ಚಬೇಕು. ಸರಳು ಸವೆದು ತೆಳ್ಳಗಾಗಿದ್ದರೆ ಸಜ್ಜಾದ ಕೆಳಗೆ ಯಾರೂ ನಿಲ್ಲದಂತೆ ನೋಡಿಕೊಳ್ಳಿ, ಮೊದಲು ಎಂಜಿನಿಯರಿಗೆ ತೋರಿಸಿ.

ಪುಟ್ಟಿಯ ಬಗ್ಗೆ ಒಂದು ಮಾತು. ಒಳಗೋಡೆಯ ಅಕ್ರಿಲಿಕ್ ಪುಟ್ಟಿಯನ್ನು ಹೊರಗೆ ಹಚ್ಚಲೇಬಾರದು, ಮಳೆಗೆ ಹಿಟ್ಟಾಗುತ್ತದೆ. ವೈಟ್ ಸಿಮೆಂಟ್ ಪುಟ್ಟಿ ಹೊರಗೂ ಆಗುತ್ತದೆಂದು ಮಾರುತ್ತಾರೆ. ನಿಜ, ಆದರೆ ಮಳೆ ನೇರ ಬಡಿಯುವ ಕಾಂಪೌಂಡಿಗೆ ಕನ್ನಡಿಯಂಥ ನುಣುಪು ಯಾಕೆ ಬೇಕು? ಪುಟ್ಟಿ ದಪ್ಪವಾದಷ್ಟೂ ಚಕ್ಕೆ ದೊಡ್ಡದು.

7. ಪ್ರೈಮರ್, ಆಮೇಲೆ ಬಣ್ಣ

ಗೋಡೆಯನ್ನು ಒಣ ಬ್ರಶ್ಶಿನಿಂದ ಗುಡಿಸಿ, ಅಂಗೈಯಿಂದ ಸವರಿ ನೋಡಿ. ಕೈಗೆ ಪುಡಿ ಬರದಿದ್ದರೆ ನೀರು ಬೆರೆಸುವ ಹೊರಗೋಡೆ ಪ್ರೈಮರ್ ಒಂದು ಕೋಟ್ ಸಾಕು. ಎಷ್ಟು ಗುಡಿಸಿದರೂ ತೆಳುವಾಗಿ ಪುಡಿ ಬರುತ್ತಲೇ ಇದ್ದರೆ ಟರ್ಪೆಂಟೈನ್ ಬೆರೆಸುವ ಸಿಮೆಂಟ್ ಪ್ರೈಮರ್ ಹೆಚ್ಚು ಆಳಕ್ಕಿಳಿದು ಆ ಪುಡಿಯನ್ನು ಕಟ್ಟಿಹಾಕುತ್ತದೆ. ಇದಕ್ಕೆ ಗೋಡೆ ಪೂರ್ತಿ ಒಣಗಿರಲೇಬೇಕು. ಪ್ರೈಮರನ್ನು ಬ್ರಶ್ಶಿನಿಂದಲೇ ಉಜ್ಜಿ ಹಚ್ಚಿ, ರೋಲರ್ ಅದನ್ನು ತೂತುಗಳೊಳಗೆ ತುಂಬುವುದಿಲ್ಲ.

ಹೊರಗೋಡೆ ಎಮಲ್ಷನ್ ಎರಡು ಕೋಟ್, ನಡುವೆ 4ರಿಂದ 6 ಗಂಟೆ ಬಿಡುವು. ನೀರು ಎಷ್ಟು ಬೆರೆಸಬೇಕೆಂದು ಡಬ್ಬಿಯ ಮೇಲಿರುತ್ತದೆ. ಅಳತೆಯ ಜಗ್ ಇಟ್ಟುಕೊಳ್ಳಿ, ‘ಅಂದಾಜಿಗೆ’ ಸುರಿಯಲು ಬಿಡಬೇಡಿ. ನೀರು ಹೆಚ್ಚಾದರೆ ಬಣ್ಣವನ್ನು ಹಿಡಿದಿಡುವ ಅಂಟು ತೆಳುವಾಗಿ ಎರಡನೇ ವರ್ಷಕ್ಕೇ ಸುಣ್ಣದಂತೆ ಕೈಗೆ ಹತ್ತುತ್ತದೆ. ಬೆಳಿಗ್ಗೆ ಪಶ್ಚಿಮದ ಗೋಡೆ, ಮಧ್ಯಾಹ್ನದ ನಂತರ ಪೂರ್ವದ್ದು, ಹೀಗೆ ನೆರಳಿನ ಜೊತೆ ಸಾಗಿ. ಸಂಜೆ ನಾಲ್ಕಕ್ಕೆ ನಿಲ್ಲಿಸಿ, ಹಸಿ ಬಣ್ಣದ ಮೇಲೆ ಚಳಿಗಾಲದ ಇಬ್ಬನಿ ಬಿದ್ದರೆ ಕಲೆಗಟ್ಟುತ್ತದೆ. ಒಂದಕ್ಕಿಂತ ಹೆಚ್ಚು ಡಬ್ಬಿಯಿದ್ದರೆ ದೊಡ್ಡ ಬಕೆಟ್ಟಿನಲ್ಲಿ ಎಲ್ಲವನ್ನೂ ಒಟ್ಟಿಗೆ ಕಲಸಿಕೊಳ್ಳಿ, ಇಲ್ಲದಿದ್ದರೆ ಗೋಡೆಯ ನಡುವೆ ಛಾಯೆ ಬದಲಾಗುತ್ತದೆ.

ಸಿಮೆಂಟ್ ಪೇಂಟಿನ ವಿಧಾನ ಇದಕ್ಕೆ ಉಲ್ಟಾ. ಗೋಡೆಯನ್ನು ಮೊದಲೇ ಒದ್ದೆ ಮಾಡಬೇಕು, ಹಚ್ಚಿದ ಮೇಲೂ ಎರಡು ಮೂರು ದಿನ ನೀರು ಚಿಮುಕಿಸಬೇಕು. ಹಳೆಯ ಎಮಲ್ಷನ್ ಮೇಲೆ ಅದು ಕಚ್ಚುವುದಿಲ್ಲ, ಬರಿ ಗಾರೆಯೇ ಬೇಕು.

ಲೆಕ್ಕಕ್ಕೆ ಒಂದು ಉದಾಹರಣೆ: 60 ಅಡಿ ಉದ್ದ, 5 ಅಡಿ ಎತ್ತರದ ಕಾಂಪೌಂಡ್. ಎರಡೂ ಮೈ ಸೇರಿ 600 ಚದರ ಅಡಿ, ಮುಕ್ಕಾಲು ಅಡಿ ಅಗಲದ ನೆತ್ತಿ 45, ಒಟ್ಟು 645. ನೆತ್ತಿಗೆ ವಾಟರ್‌ಪ್ರೂಫ್ ಲೇಪ ಹಚ್ಚಿದರೂ ಬಣ್ಣ ಹೊಂದಲೆಂದು ಅದರ ಮೇಲೆ ಎಮಲ್ಷನ್ ಬರುತ್ತದೆ, ಆದ್ದರಿಂದ ಲೆಕ್ಕದಲ್ಲಿ ಬಿಡಬೇಡಿ. ಎರಡು ಕೋಟ್‌ಗೆ ಲೀಟರಿಗೆ 50 ಚದರ ಅಡಿಯಂತೆ ಹಿಡಿದರೆ 13 ಲೀಟರ್ ಎಮಲ್ಷನ್, ಅಂದರೆ ಒಂದು 10 ಮತ್ತು ಒಂದು 4 ಲೀಟರ್ ಡಬ್ಬಿ. ಪ್ರೈಮರ್ ಲೀಟರಿಗೆ 100 ಚದರ ಅಡಿಯಂತೆ ಆರೂವರೆ ಲೀಟರ್. ಒರಟು ಗಾರೆಯಾದರೆ ಐದನೇ ಒಂದು ಭಾಗ ಹೆಚ್ಚಿಗೆ ಇಟ್ಟುಕೊಳ್ಳಿ.

ಮೆಟ್ಟಿಲು, ಪೋರ್ಟಿಕೋ ನೆಲವಾದರೆ

ಗೋಡೆಯ ಎಮಲ್ಷನ್ ಕಾಲು, ಚಕ್ರದ ಸವೆತ ತಾಳದು. ನೆಲದಲ್ಲಿ ಬಣ್ಣ ಕಿತ್ತು ಬರಲು ಮುಖ್ಯ ಕಾರಣ, ಕಾಂಕ್ರೀಟು ಹಾಕಿದಾಗ ಮೇಲೆದ್ದು ಗಟ್ಟಿಯಾದ ಸಿಮೆಂಟ್ ಹಾಲಿನ ದುರ್ಬಲ ಪದರ. ಗ್ರೈಂಡರಿನಿಂದ ಅದನ್ನು ತೆಗೆದು, ಮೇಲ್ಮೈ 80 ನಂಬರಿನ ಸ್ಯಾಂಡ್ ಪೇಪರಿನಷ್ಟು ಒರಟಾದ ಮೇಲೆ ನೆಲಕ್ಕೆಂದೇ ಇರುವ ಅಕ್ರಿಲಿಕ್ ಅಥವಾ ಪಾಲಿಯುರೆಥೇನ್ ಬಣ್ಣ ಹಚ್ಚಿ. ಎಪಾಕ್ಸಿ ಗಟ್ಟಿಯೇನೋ ಹೌದು, ಬಿಸಿಲು ಬೀಳುವಲ್ಲಿ ಹಳದಿಗಟ್ಟಿ ಪುಡಿಯಾಗುತ್ತದೆ. ಕಾರಿನ ಬಿಸಿ ಟೈರು ಹಸಿ ಬಣ್ಣವನ್ನು ಎತ್ತಿಕೊಂಡು ಹೋಗುವುದರಿಂದ ಏಳು ದಿನ ಗಾಡಿ ಹೊರಗೆ ನಿಲ್ಲಲಿ. ಮೆಟ್ಟಿಲಿಗೆ ಕೊನೆಯ ಕೋಟಿನಲ್ಲಿ ಜರಡಿ ಹಿಡಿದ ಸಣ್ಣ ಮರಳು ಉದುರಿಸಿದರೆ ಮಳೆಗೆ ಜಾರುವುದಿಲ್ಲ.

ಕೆಲಸ ಮುಗಿದ ಮೇಲೆ ಉಳಿದ ಬಣ್ಣವನ್ನು ಸಣ್ಣ ಡಬ್ಬಿಗೆ ಸುರಿದು, ಮುಚ್ಚಳದ ಮೇಲೆ ಛಾಯೆಯ ನಂಬರು, ಬ್ಯಾಚು, ದಿನಾಂಕ ಬರೆದಿಡಿ. ಮೊದಲ ಮಳೆಗಾಲದ ನಡುವೆ, ಜುಲೈಯಲ್ಲಿ ಒಂದು ದಿನ ಮಳೆ ಬಿಟ್ಟಾಗ ಗೋಡೆ ಸುತ್ತಿ ಬನ್ನಿ. ಎಲ್ಲ ಕಡೆ ಆರಿದ ಮೇಲೂ ಕಪ್ಪಾಗಿ ಉಳಿದ ಜಾಗಗಳ ಫೋಟೊ ತೆಗೆದಿಟ್ಟುಕೊಳ್ಳಿ. ಡಿಸೆಂಬರ್‌ನಲ್ಲಿ ನೋಡಬೇಕಾದದ್ದು ಆ ಜಾಗಗಳನ್ನು.